ಎಂಟು ನಿಮಿಷದ ಗಂಟೆ

ಶಿವಯೋಗ ಮಂದಿರದಲ್ಲಿ ಬೆಳಗು ಮೊದಲು ಕಾಣುವುದು ನೀರಿನ ಮೇಲೆ. ಮಲಪ್ರಭೆಯ ದಡದಲ್ಲಿ ಮರಗಳ ನೆರಳು ಇನ್ನೂ ಗಟ್ಟಿಯಾಗಿರುವಾಗಲೇ ವಟುಗಳು ಮಿಂದು ಮೆಟ್ಟಿಲು ಹತ್ತುತ್ತಾರೆ. ಹಣೆಯ ಮೇಲಿನ ವಿಭೂತಿ ಒಣಗುತ್ತ ಬಿಳಿಯೇರುತ್ತದೆ. ಸೆಗಣಿಯನ್ನು ಒಣಗಿಸಿ, ಸುಟ್ಟು, ಬೂದಿಯನ್ನು ಸೋಸಿ ಗಟ್ಟಿ ಕಟ್ಟುವ ಇಲ್ಲಿನ ವಿಭೂತಿಗೆ ನಾಡಿನ ಮೂಲೆಮೂಲೆಯಲ್ಲೂ ಬೇಡಿಕೆ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಕಟ್ಟಿದ ಈ ನೆಲೆಯಲ್ಲಿ ಮುಂದೆ ಮಠಗಳ ಹೊಣೆ ಹೊರಬೇಕಾದ ಹುಡುಗರು ಓದುತ್ತಾರೆ. ಗದ್ದುಗೆಯ ಮುಂದೆ ಮಂತ್ರ ನಡೆದಿರುವಾಗ ಆಚೆ ನದಿ ಪಟ್ಟದಕಲ್ಲಿನ ಕಡೆಗೆ, ಐಹೊಳೆಯ ಕಡೆಗೆ ತಿರುಗಿ, ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬಸವಣ್ಣನವರು ಐಕ್ಯರಾದ ನೀರು ಅದು.

ಅದೇ ಬಸವಣ್ಣ ಲಂಡನ್ನಿನಲ್ಲಿಯೂ ಒಂದು ನದಿಯ ದಡದಲ್ಲಿದ್ದಾರೆ. ಥೇಮ್ಸ್ ನದಿಯ ದಕ್ಷಿಣ ದಡ, ಲ್ಯಾಂಬೆತ್ ಪ್ರದೇಶದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. ಕಲಬುರಗಿ ಜಿಲ್ಲೆಯ ಕಮಲಾಪುರದಿಂದ ಹೋಗಿ ವೈದ್ಯರಾಗಿ, ಲ್ಯಾಂಬೆತ್‌ನ ಮೇಯರ್ ಕೂಡ ಆಗಿದ್ದ ನೀರಜ್ ಪಾಟೀಲರ ಪ್ರಯತ್ನದಿಂದ ಅಲ್ಲಿ ನಿಂತ ಎದೆಮಟ್ಟದ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಅಲ್ಲಿಂದ ನದಿಯಗುಂಟ ನಡೆದರೆ ಮೊದಲು ಲ್ಯಾಂಬೆತ್ ಸೇತುವೆ. ಅದಕ್ಕೆ ಕೆಂಪು ಬಣ್ಣ, ಹೌಸ್ ಆಫ್ ಲಾರ್ಡ್ಸ್‌ನ ಆಸನಗಳ ಬಣ್ಣ. ಮುಂದಿನದು ವೆಸ್ಟ್‌ಮಿನ್‌ಸ್ಟರ್ ಸೇತುವೆ. ಅದಕ್ಕೆ ಹಸಿರು, ಹೌಸ್ ಆಫ್ ಕಾಮನ್ಸ್‌ನ ಆಸನಗಳ ಬಣ್ಣ. ಎರಡು ಸೇತುವೆಗಳ ನಡುವೆ, ಆಚೆ ದಡದಲ್ಲಿ, ಬ್ರಿಟನ್ನಿನ ಸಂಸತ್ತು. ಅನುಭವ ಮಂಟಪದಲ್ಲಿ ಮಾತಿಗೆ ಮಾತು ಕೊಟ್ಟು ಕೂತವರ ಹಿರಿಯನನ್ನು ಈ ಕಟ್ಟಡದ ನೆರೆಯಲ್ಲಿ ನಿಲ್ಲಿಸಿದ ಮರುವರ್ಷವೇ ಆ ದೇಶ ತನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡಿತು. ಐರೋಪ್ಯ ಒಕ್ಕೂಟದಲ್ಲಿ ಇರುವುದೋ, ಬಿಡುವುದೋ?

2016ರ ಜೂನ್ 23ರ ಜನಮತಗಣನೆಯಲ್ಲಿ ಶೇ 51.9 ಮಂದಿ ಬಿಡೋಣ ಎಂದರು, ಶೇ 48.1 ಮಂದಿ ಇರೋಣ ಎಂದರು. ಬಸವಣ್ಣನವರ ಪ್ರತಿಮೆ ಇರುವ ಲ್ಯಾಂಬೆತ್ ಮಾತ್ರ ಶೇ 78.6ರಷ್ಟು ಒಕ್ಕೂಟದ ಪರ ನಿಂತಿತ್ತು. ಈ ಮತದಾನದ ಒಂದು ಸಂಗತಿ ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ. ಕಾಮನ್‌ವೆಲ್ತ್ ದೇಶಗಳವರು ಬ್ರಿಟನ್ನಿನಲ್ಲಿ ವಾಸವಿದ್ದರೆ ಅವರಿಗೆ ಮತದ ಹಕ್ಕಿತ್ತು. ಹುಬ್ಬಳ್ಳಿಯಿಂದಲೋ ಬಾಗಲಕೋಟೆಯಿಂದಲೋ ಕೆಲಸದ ವೀಸಾದ ಮೇಲೆ ಹೋಗಿ ನೆಲೆಸಿದ ಕನ್ನಡಿಗರು, ಭಾರತದ ಪಾಸ್‌ಪೋರ್ಟ್ ಕೈಯಲ್ಲಿದ್ದರೂ, ಹೆಸರು ನೋಂದಾಯಿಸಿ ಚೀಟಿ ಹಾಕಬಹುದಿತ್ತು. ಅವರ ಪಕ್ಕದ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದ ಜರ್ಮನಿಯವರಿಗೆ, ಪೋಲೆಂಡಿನವರಿಗೆ ಆ ಹಕ್ಕಿರಲಿಲ್ಲ. ಯಾರ ಬದುಕು ಈ ಪ್ರಶ್ನೆಯ ಮೇಲೆ ನಿಂತಿತ್ತೋ ಅವರೇ ಮತಗಟ್ಟೆಯ ಹೊರಗೆ ಉಳಿದರು. ಈ ಅನ್ಯಾಯ ನನ್ನನ್ನು ಇಂದಿಗೂ ಕಾಡುತ್ತದೆ.

ಬಿಡುವ ದಿನ 2019ರ ಮಾರ್ಚ್ 29 ಎಂದು ಗೊತ್ತಾಯಿತು. ಆ ಚಳಿಗಾಲದಲ್ಲಿ ಟೀವಿ ಹಚ್ಚಿದರೆ ಒಂದೇ ಚಿತ್ರ. ಸಂಸತ್ತಿನೆದುರಿನ ಹುಲ್ಲುಹಾಸಿನಲ್ಲಿ ಸುದ್ದಿವಾಹಿನಿಗಳ ಡೇರೆಗಳು, ಒಂದು ಕಡೆ ಹಳದಿ ನಕ್ಷತ್ರಗಳ ನೀಲಿ ಬಾವುಟ, ಇನ್ನೊಂದು ಕಡೆ ಯೂನಿಯನ್ ಜಾಕ್. ದುರಸ್ತಿಗೆಂದು ಅಟ್ಟಣಿಗೆ ಕಟ್ಟಿಸಿಕೊಂಡ ಗಡಿಯಾರದ ಗೋಪುರ. ಒಳಗೆ ಹಸಿರು ಚರ್ಮದ ಬೆಂಚುಗಳ ಮೇಲೆ ಒತ್ತಿ ಒತ್ತಿ ಕೂತ ಸದಸ್ಯರು, ಜಾಗ ಸಿಗದೆ ಬಾಗಿಲ ಬಳಿ ನಿಂತವರು, ಎಲ್ಲರ ಗದ್ದಲದ ಮೇಲೆ ‘ಆರ್ಡರ್’ ಎಂದು ಎಳೆದು ಕೂಗುವ ಸ್ಪೀಕರ್ ಜಾನ್ ಬರ್ಕೋ.

ಅಲ್ಲಿ ಮತ ಎಣಿಸುವ ಪದ್ಧತಿಯನ್ನು ನೋಡಿಯೇ ತಿಳಿಯಬೇಕು. ಸ್ಪೀಕರ್ ವಿಭಜನೆ ಘೋಷಿಸಿದ ಕೂಡಲೇ ಇಡೀ ಆವರಣದಲ್ಲಿ ಗಂಟೆ ಬಾರಿಸತೊಡಗುತ್ತದೆ. ಕಚೇರಿಯಲ್ಲಿದ್ದವರು, ಊಟಕ್ಕೆ ಕೂತವರು, ಹತ್ತಿರದ ಬೀದಿಯಲ್ಲಿದ್ದವರು ಎಲ್ಲ ಓಡಿ ಬರಬೇಕು. ಎಂಟು ನಿಮಿಷ. ಆಮೇಲೆ ಬಾಗಿಲಿಗೆ ಅಗಳಿ. ‘ಹೌದು’ ಎನ್ನುವವರು ಸ್ಪೀಕರ್ ಬಲಕ್ಕಿನ ಮೊಗಸಾಲೆಗೆ, ‘ಅಲ್ಲ’ ಎನ್ನುವವರು ಎಡಕ್ಕಿನ ಮೊಗಸಾಲೆಗೆ ನಡೆಯುತ್ತಾರೆ. ಆಗ ಸಿಬ್ಬಂದಿ ಒಬ್ಬೊಬ್ಬರ ಹೆಸರನ್ನೂ ಗುರುತು ಹಾಕಿಕೊಳ್ಳುತ್ತಿದ್ದರು. ಹೊರಬರುವಾಗ ಎಣಿಕೆಯವರು ಗಟ್ಟಿಯಾಗಿ ಎಣಿಸುತ್ತಾರೆ. ಒತ್ತಲು ಗುಂಡಿ ಇಲ್ಲ, ಮುಚ್ಚಿಡಲು ಚೀಟಿ ಇಲ್ಲ. ಕಾಲಿಟ್ಟು ನಡೆದೇ ತನ್ನ ಮತ ಹೇಳಬೇಕು, ಯಾರ ಜೊತೆ ನಡೆದೆ ಎಂಬುದು ಊರಿಗೆಲ್ಲ ಗೊತ್ತಾಗಬೇಕು.

2019ರ ಜನವರಿ 15ರ ರಾತ್ರಿ ಹಾಗೆ ಮತ ಹೇಳಲು ಬಂದವರಲ್ಲಿ ಸದಸ್ಯೆ ಟುಲಿಪ್ ಸಿದ್ದೀಕ್ ಕೂಡ ಇದ್ದರು. ತುಂಬು ಗರ್ಭಿಣಿ. ಶಸ್ತ್ರಚಿಕಿತ್ಸೆಯ ಹೆರಿಗೆಯನ್ನು ಮುಂದೂಡಿಸಿಕೊಂಡು ಗಾಲಿಕುರ್ಚಿಯಲ್ಲಿ ಬಂದಿದ್ದರು. ತಮ್ಮ ಬದಲು ಇನ್ನೊಬ್ಬರ ಕೈಯಲ್ಲಿ ಮತ ಹಾಕಿಸಲು ಆಗ ನಿಯಮವೇ ಇರಲಿಲ್ಲ. ಅದೇ ತಿಂಗಳ ಕೊನೆಗೆ ಆ ನಿಯಮ ಬಂತು. ಪ್ರಧಾನಿ ತೆರೇಸಾ ಮೇ ಒಕ್ಕೂಟದ ಜೊತೆ ಕುದುರಿಸಿಕೊಂಡು ಬಂದ ಒಪ್ಪಂದಕ್ಕೆ ಅಂದು ಬಿದ್ದ ಮತ 202, ವಿರುದ್ಧ 432. ಅವರ ಪಕ್ಷದ 118 ಮಂದಿಯೇ ಎಡದ ಮೊಗಸಾಲೆಗೆ ನಡೆದಿದ್ದರು. ಅಷ್ಟು ದೊಡ್ಡ ಸೋಲನ್ನು ಆ ಸದನದಲ್ಲಿ ಯಾವ ಸರ್ಕಾರವೂ ಕಂಡಿರಲಿಲ್ಲ. ಮರುದಿನ ಅವರ ಸರ್ಕಾರದ ಮೇಲೆಯೇ ಅವಿಶ್ವಾಸ ಮಂಡನೆಯಾಯಿತು, ಅದು 306–325ರಿಂದ ಬಿದ್ದುಹೋಯಿತು. ಒಪ್ಪಂದ ಬೇಡ ಎಂದ ಸದನವೇ ಒಪ್ಪಂದ ತಂದವರು ಇರಲಿ ಎಂದಿತು.

ಏಕೆ ಇಷ್ಟು ಕಗ್ಗಂಟು? ಇಳಕಲ್ಲಿನ ಕುಣಿಮಗ್ಗದ ಮುಂದೆ ಕೂತರೆ ಅದು ಬೇಗ ಅರ್ಥವಾಗುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಎಳೆಗೆ ಎಳೆಯ ಕುಣಿಕೆ ಹಾಕಿ ಎರಡನ್ನೂ ಕೂಡಿಸುತ್ತಾರೆ. ‘ತೋಪು ತೆನಿ’ ಎಂಬ ಈ ಕೂಡಿಕೆ ಒಮ್ಮೆ ಬಿಗಿಯಾಯಿತೆಂದರೆ ಒಡಲಿಗೆ ನೋವಾಗದಂತೆ ಸೆರಗು ಬಿಡಿಸಲು ಆಗುವುದಿಲ್ಲ. ಬ್ರಿಟನ್ ಒಕ್ಕೂಟದೊಳಗೆ ಬಂದದ್ದು 1973ರ ಜನವರಿ 1ರಂದು. ಅಂದಿನಿಂದ ಮೀನು, ಔಷಧ, ಹಾಲು, ಕಾರಿನ ಬಿಡಿಭಾಗ ಎಲ್ಲದರ ಕಾನೂನೂ ಹಾಗೆ ಹೆಣೆದುಕೊಂಡಿತ್ತು.

ಅದರಲ್ಲಿ ಎಲ್ಲಕ್ಕಿಂತ ಬಿಗಿಯಾದ ಗಂಟು ಐರ್ಲೆಂಡಿನ ಗಡಿ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಒಕ್ಕೂಟದಲ್ಲೇ ಉಳಿಯುವ ಐರ್ಲೆಂಡಿಗೂ ನಡುವಿನದು. ಇಳಕಲ್ಲಿನ ಸೀರೆಗೆ ದೊಡ್ಡ ಮಾರುಕಟ್ಟೆ ಮಹಾರಾಷ್ಟ್ರ. ವಿಜಯಪುರ ದಾಟಿ ಸೊಲ್ಲಾಪುರಕ್ಕೆ ಹೋಗುವ ಲಾರಿಗಳು ಭೀಮೆಯ ದಂಡೆಯ ಧೂಳಖೇಡದ ಚೆಕ್‌ಪೋಸ್ಟಿನಲ್ಲಿ ಕಾಗದ ತೋರಿಸಿ, ಸರದಿಯಲ್ಲಿ ನಿಂತು, ಆಮೇಲೆ ಹೊರಡುತ್ತಿದ್ದುದನ್ನು ಈ ಭಾಗದ ವ್ಯಾಪಾರಿಗಳು ಮರೆತಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ರಾಜ್ಯದ ಗಡಿಯ ತೆರಿಗೆ ಚೆಕ್‌ಪೋಸ್ಟುಗಳು ಎದ್ದುಹೋದವು. ಐರ್ಲೆಂಡ್ ದ್ವೀಪದಲ್ಲಿ ಎತ್ತಿಹಾಕಿದ ಅಂಥ ಠಾಣೆಗಳನ್ನು ಮತ್ತೆ ಕಟ್ಟಬೇಕಾಗುವ ಭಯವಿತ್ತು. ಸುಮಾರು 500 ಕಿಲೋಮೀಟರ್ ಗಡಿ, 200ಕ್ಕೂ ಹೆಚ್ಚು ದಾಟುದಾರಿ. ಅಲ್ಲಿ ದಶಕಗಳ ಕಾಲ ಹರಿದ ರಕ್ತ 1998ರ ಶಾಂತಿ ಒಪ್ಪಂದದ ನಂತರ ನಿಂತಿತ್ತು. ಠಾಣೆ ಎಂದರೆ ಅವರಿಗೆ ಬರೀ ಸುಂಕದ ಮಾತಾಗಿರಲಿಲ್ಲ, ಬಂದೂಕಿನ ನೆನಪಾಗಿತ್ತು.

ಮಾರ್ಚ್ 12ರಂದು ಮೇ ಅವರ ಗಂಟಲು ಕಟ್ಟಿತ್ತು. ಒಡಕು ದನಿಯಲ್ಲೇ ಬೇಡಿಕೊಂಡರು. 391–242ರಿಂದ ಮತ್ತೆ ಸೋಲು. ಮಾರ್ಚ್ 27ರಂದು ಸದನ ತಾನೇ ದಾರಿ ಹುಡುಕುತ್ತೇನೆಂದು ಎಂಟು ಪರ್ಯಾಯಗಳನ್ನು ಮುಂದಿಟ್ಟುಕೊಂಡಿತು. ಎಂಟಕ್ಕೂ ಬಹುಮತ ಇಲ್ಲ. ಬಿಡಬೇಕೆಂದಿದ್ದ ಮಾರ್ಚ್ 29ರಂದೇ ಒಪ್ಪಂದ ಮೂರನೆಯ ಸಲ ಬಿತ್ತು, 344–286. ಏಪ್ರಿಲ್ 1ರಂದು ಸುಂಕದ ಒಕ್ಕೂಟದಲ್ಲಾದರೂ ಉಳಿಯೋಣ ಎಂಬ ಸೂಚನೆ 273–276, ಮೂರೇ ಮತದಿಂದ ಹೋಯಿತು. ಏಪ್ರಿಲ್ 3ರಂದು ಗಡುವು ವಿಸ್ತರಣೆ ಕೇಳಲು ಒತ್ತಾಯಿಸುವ ಮಸೂದೆ 313–312, ಒಂದೇ ಮತದಿಂದ ಗೆದ್ದಿತು. ಏನು ಬೇಡ ಎಂಬುದು ಸದನಕ್ಕೆ ಸ್ಪಷ್ಟವಿತ್ತು, ಏನು ಬೇಕು ಎಂಬುದು ಇರಲಿಲ್ಲ. ಈ ಅನಿಶ್ಚಿತತೆಯ ಭಾರ ಹೊತ್ತವರು ಆ ಬೆಂಚುಗಳ ಮೇಲೆ ಕೂತವರಲ್ಲ. ಆಸ್ಪತ್ರೆಯ ಪಾಳಿ ಮುಗಿಸಿ ಬಂದ ಪೋರ್ಚುಗಲ್ಲಿನ ನರ್ಸ್, ಮುಂದಿನ ತಿಂಗಳ ಸರಕಿನ ಬೆಲೆ ಹೇಳಲಾಗದ ಅಂಗಡಿಯವರು, ಈ ವರ್ಷ ಮನೆ ಕೊಳ್ಳುವುದೋ ಬೇಡವೋ ಎಂದು ಲೆಕ್ಕ ಹಾಕುತ್ತಿದ್ದ ನಮ್ಮವರ ಸಂಸಾರಗಳು.

ಬೇಸಿಗೆ ಕಳೆಯಿತು. ಮೇ ಅವರು ಮೇ 24ರಂದೇ ಕಣ್ಣೀರು ತುಂಬಿ ವಿದಾಯ ಹೇಳಿದ್ದರು. ಜುಲೈ 23ರಂದು ಲಂಡನ್ನಿನಲ್ಲಿ ಬೋರಿಸ್ ಜಾನ್ಸನ್ ಪಕ್ಷದ ನಾಯಕರಾಗಿ ಆಯ್ಕೆಯಾದ ಸುದ್ದಿ ಬಂದ ದಿನವೇ ನಮ್ಮ ವಿಧಾನಸೌಧದಲ್ಲಿ ಇನ್ನೊಂದು ಎಣಿಕೆ ನಡೆಯಬೇಕಿತ್ತು. ಬಾದಾಮಿಯ ಚಹಾದಂಗಡಿಯಲ್ಲಿ ಬಾಗಿಲ ತನಕ ಜನ. ಅವರಿಗೆ ಅದು ದೂರದ ಬೆಂಗಳೂರಿನ ಮಾತಲ್ಲ. 2018ರಲ್ಲಿ ಸಿದ್ದರಾಮಯ್ಯನವರನ್ನು 1,696 ಮತಗಳಿಂದ ಗೆಲ್ಲಿಸಿ ಕಳಿಸಿದ ಕ್ಷೇತ್ರ ಇದು. ಆಗಿನ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರದ ಸಮನ್ವಯ ಸಮಿತಿಯ ಅಧ್ಯಕ್ಷರು ಅವರೇ. ಮುಖ್ಯಮಂತ್ರಿ ಕುಮಾರಸ್ವಾಮಿಯವರು ವಿಶ್ವಾಸಮತ ಯಾಚಿಸಿದ್ದು ಜುಲೈ 18ಕ್ಕೆ. ರಾಜ್ಯಪಾಲರು ಕೊಟ್ಟ ಗಡುವುಗಳು ದಾಟಿಹೋದವು, ವಿಪ್‌ನ ಬಗ್ಗೆ ಚರ್ಚೆ, ಮತ್ತೆ ಚರ್ಚೆ.

‘ಏನಾತ್ರೀ ಕಾಕಾ?’ ಎಂದು ಒಳಗೆ ಬಂದವನು ಕೇಳಿದ.

‘ಇನ್ನೂ ಮಾತಾಡಾಕ ಹತ್ಯಾರಪಾ. ಮಳಿ ಹಿಡದೈತಿ, ಹೊಳಿ ಏರಾಕ ಹತ್ತೈತಿ, ಇವರದು ಮುಗಿವಲ್ದು,’ ಎಂದರು ಹಿರಿಯರು.

ಸಂಜೆ ಸ್ಪೀಕರ್ ರಮೇಶ್ ಕುಮಾರ್ ಸಾಲುಸಾಲಾಗಿ ಸದಸ್ಯರನ್ನು ಎದ್ದು ನಿಲ್ಲಿಸಿ ತಲೆ ಎಣಿಸಿದರು. ಪರ 99, ವಿರುದ್ಧ 105. ಲಂಡನ್ನಿನಲ್ಲಿ ಬೇರೆ ಮೊಗಸಾಲೆಗೆ ನಡೆದವರು ತಮ್ಮ ಸದನದೊಳಗೇ ಇದ್ದರು. ನಮ್ಮಲ್ಲಿ ಸರ್ಕಾರ ಬೀಳಿಸಿದ ಬಂಡಾಯ ಶಾಸಕರು ಮುಂಬೈಯ ಹೋಟೆಲಿನಲ್ಲಿದ್ದರು. ಎದುರು ನಿಂತು ‘ಅಲ್ಲ’ ಎನ್ನುವುದಕ್ಕೂ ಬಾರದೆ ಉಳಿಯುವುದಕ್ಕೂ ಬಹಳ ಅಂತರವಿದೆ.

ಹಿರಿಯರು ಹೇಳಿದ ಹೊಳೆ ಆಗಸ್ಟಿನಲ್ಲಿ ಬಂದೇ ಬಂತು. ನವಿಲುತೀರ್ಥದ ಅಣೆಕಟ್ಟೆಯಿಂದ ಬಿಟ್ಟ ನೀರು ಮಲಪ್ರಭೆಯ ದಡದ ಊರುಗಳಿಗೆ ನುಗ್ಗಿತು. ಪಟ್ಟದಕಲ್ಲಿನ ದೇಗುಲಗಳ ಅಂಗಳದಲ್ಲಿ ಕೆಂಪು ನೀರು ನಿಂತಿತು. ಬಾದಾಮಿ, ಹುನಗುಂದ ತಾಲ್ಲೂಕುಗಳಲ್ಲಿ ಮಣ್ಣಿನ ಗೋಡೆ ಕುಸಿದವು, ಜೋಳದ ಚೀಲ, ದನಕರು, ಮಕ್ಕಳ ಪುಸ್ತಕ ಎಲ್ಲವನ್ನೂ ಎತ್ತಿಕೊಂಡು ಜನ ಗುಡ್ಡದ ಕಡೆ ನಡೆದರು. ನೇಕಾರರ ಮಗ್ಗಕ್ಕೆ ಅಗೆದ ಕುಣಿಯೇ ಮೊದಲು ತುಂಬುವ ಜಾಗ. ಆ ದಿನಗಳಲ್ಲಿ ರಾಜ್ಯಕ್ಕೆ ಮಂತ್ರಿಮಂಡಲವೇ ಇರಲಿಲ್ಲ. ಜುಲೈ 26ರಂದು ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡ ಯಡಿಯೂರಪ್ಪನವರು ಆಗಸ್ಟ್ 20ರವರೆಗೆ ಒಬ್ಬರೇ. ಕಂದಾಯಕ್ಕೆ ಒಬ್ಬ ಮಂತ್ರಿ ಇಲ್ಲ, ಜಿಲ್ಲೆಗೆ ಒಬ್ಬ ಉಸ್ತುವಾರಿ ಇಲ್ಲ. ರಾಜಕೀಯ ಅನಿಶ್ಚಿತತೆ ಎಂದು ಪತ್ರಿಕೆಗಳು ಬರೆಯುವ ಮಾತಿಗೆ ಇಲ್ಲಿ ಮೊಣಕಾಲುದ್ದ ಕೆಸರಿನ ರೂಪವಿತ್ತು.

ಲಂಡನ್ನಿನ ಕಥೆ ಮುಂದುವರಿಯಿತು. ಪ್ರಧಾನಿಯಾದ ಜಾನ್ಸನ್ ಸಂಸತ್ತಿನ ಅಧಿವೇಶನ ನಿಲ್ಲಿಸಿದ್ದನ್ನು ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಒಮ್ಮತದಿಂದ ಕಾನೂನುಬಾಹಿರ ಎಂದರು. ಡಿಸೆಂಬರ್ 12ರ ಚುನಾವಣೆಯಲ್ಲಿ ಜಾನ್ಸನ್ 365 ಸ್ಥಾನ ಗೆದ್ದರು. 2020ರ ಜನವರಿ 31ರ ರಾತ್ರಿ 11ಕ್ಕೆ ಬ್ರಿಟನ್ ಹೊರಬಂತು.

ನಡುವೆ, 2019ರ ನವೆಂಬರ್ 4ರಂದು, ನಾವೂ ಒಂದು ವ್ಯಾಪಾರ ಕೂಟದ ಬಾಗಿಲಿನಿಂದ ಹಿಂದೆ ಸರಿದೆವು. ಏಷ್ಯಾ ಮತ್ತು ಪೆಸಿಫಿಕ್ ದೇಶಗಳ ಆರ್‌ಸಿಇಪಿ ಒಪ್ಪಂದಕ್ಕೆ ಭಾರತ ಸೇರುವುದಿಲ್ಲ ಎಂದು ಬ್ಯಾಂಕಾಕಿನಲ್ಲಿ ಪ್ರಕಟವಾಯಿತು. ನ್ಯೂಜಿಲೆಂಡಿನ ಹಾಲಿನ ಪುಡಿ ಅಗ್ಗವಾಗಿ ಬಂದರೆ ಡೇರಿಗೆ ಹಾಲು ಹಾಕುವ ಹೆಣ್ಣುಮಕ್ಕಳ ಗತಿ ಏನು ಎಂದು ಕರ್ನಾಟಕದ ರೈತರು ಬೀದಿಗಿಳಿದಿದ್ದರು. ತೀರ್ಮಾನ ಅವರಿಗೆ ಹಿತವಾಗಿಯೇ ಬಂತು, ನನಗೂ ಅಂದು ಸಮಾಧಾನವಾಯಿತು. ಆದರೆ ಅದರ ಮೇಲೆ ನಮ್ಮ ಸಂಸತ್ತಿನಲ್ಲಿ ಒಂದು ಮತವೂ ಬೀಳಲಿಲ್ಲ. ಬೀಳಬೇಕೆಂಬ ನಿಯಮವೂ ನಮ್ಮಲ್ಲಿಲ್ಲ. ವಿದೇಶಗಳ ಜೊತೆಗಿನ ಒಪ್ಪಂದ ಮಾಡುವುದೂ ಬಿಡುವುದೂ ಇಲ್ಲಿ ಸರ್ಕಾರದ ಅಧಿಕಾರ. ಬ್ರಿಟನ್ನಿನ ಸದಸ್ಯರು ದಣಿದರು, ತಪ್ಪಿದರು, ದೇಶವನ್ನು ಕಾಯಿಸಿದರು. ಆದರೂ ಯಾರು ಯಾವ ಕಡೆ ನಡೆದರು ಎಂಬುದು ಹೆಸರು ಸಮೇತ ಬರೆದಿಟ್ಟಿದೆ. ಆ ಪಟ್ಟಿಯನ್ನು ನಾನು ಗೌರವದಿಂದ ನೋಡುತ್ತೇನೆ, ನಮ್ಮಲ್ಲಿಯೂ ಇರಲಿ ಎಂದು ಬಯಸುತ್ತೇನೆ.

ಒಕ್ಕೂಟ ಬಿಟ್ಟ ಬ್ರಿಟನ್ ತನ್ನದೇ ವ್ಯಾಪಾರ ಒಪ್ಪಂದಗಳನ್ನು ಹುಡುಕಿಕೊಂಡು ಹೊರಟಿತು. 2025ರ ಜುಲೈ 24ರಂದು ಭಾರತದ ಜೊತೆಗೂ ಸಹಿಯಾಯಿತು. ನಮ್ಮ ಬಟ್ಟೆಯ ಮೇಲೆ ಅಲ್ಲಿದ್ದ ಸುಂಕ ಹೋಗುತ್ತದೆ ಎಂಬ ಭರವಸೆ ಅದರಲ್ಲಿದೆ. ಇಳಕಲ್ಲಿನ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ ನೇಕಾರರಿಗೆ ಇದನ್ನು ಹೇಳಿದಾಗ ಅವರು ಲಾಳಿ ನಿಲ್ಲಿಸಲಿಲ್ಲ.

‘ಛಲೋ ಆತಲ್ರೀ,’ ಎಂದರು. ‘ಕೂಲಿ ಎಷ್ಟ್ ಹೆಚ್ಚಾಗತೈತಿ ಅಂತ ಅದರಾಗ ಬರದಾರೇನ್ರೀ?’