ಜಾಲಿಮುಳ್ಳಿನ ಸಂಗೀತ

ಗುಂಡ್ಲುಪೇಟೆಯಿಂದ ಉದಕಮಂಡಲದ ಕಡೆಗೆ ಹೊರಟವರು ಬಂಡೀಪುರದ ಕಾಡು ಸೇರುವ ಮುನ್ನ ಹಂಗಳವನ್ನು ದಾಟಬೇಕು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ಬಲಕ್ಕೆ ತಿರುಗುವುದೂ ಇಲ್ಲಿಯೇ. ಆ ಊರಿನ ನಮ್ಮ ಹಳೆಯ ಮನೆಯಲ್ಲಿ, ತಾತನವರ ಮಂಚದ ಪಕ್ಕದಲ್ಲಿ, ಒಂದು ಗ್ರಾಮಾಫೋನ್ ಇತ್ತು. ನಾನು ಹತ್ತು ವರ್ಷದ ಹುಡುಗನಾಗಿದ್ದ ಕಾಲಕ್ಕೆ ಊರಿನಲ್ಲಿ ಟೇಪ್‌ರೆಕಾರ್ಡರುಗಳೇ ಹಳತಾಗತೊಡಗಿದ್ದವು. ಆದರೂ ಸಂಜೆ ದೀಪ ಹಚ್ಚಿದ ಮೇಲೆ ಆ ಪೆಟ್ಟಿಗೆಗೆ ಕೀಲಿ ಕೊಡುವ ಪದ್ಧತಿಯನ್ನು ತಾತನವರು ಬಿಟ್ಟಿರಲಿಲ್ಲ.

ಅದರ ತಟ್ಟೆಗಳು ಅರಗಿನವು. ನಿಮಿಷಕ್ಕೆ ೭೮ ಸುತ್ತು. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಸಂಗೀತ, ಅಷ್ಟೇ. ಅರಗಿಗೆ ಕಲ್ಲಿನ ಪುಡಿಯನ್ನು ಬೆರೆಸಿರುತ್ತಿದ್ದುದರಿಂದ, ತಿರುಗುವ ತಟ್ಟೆ ಉಕ್ಕಿನ ಸೂಜಿಯ ಮೊನೆಯನ್ನು ಸವೆಸಿ ತನ್ನ ಗೀರಿಗೆ ಒಗ್ಗಿಸಿಕೊಳ್ಳುತ್ತಿತ್ತು. ಆದ್ದರಿಂದ ಒಂದು ಸೂಜಿ ಒಂದು ಮಗ್ಗುಲಿಗೆ ಮಾತ್ರ. ಅದನ್ನೇ ಮತ್ತೆ ಇಟ್ಟರೆ ಸವೆದ ಅಂಚು ಉಳಿಯಾಗಿ ತಟ್ಟೆಯನ್ನೇ ಕೆತ್ತುತ್ತದೆ. ಇದು ಯಂತ್ರದ ಧರ್ಮವೋ ವ್ಯಾಪಾರದ ಜಾಣತನವೋ, ತಿಳಿದವರು ಹೇಳಬೇಕು!

ಮೈಸೂರಿನ ಅಂಗಡಿಗಳಲ್ಲಿಯೂ ಸೂಜಿ ಸಿಕ್ಕದಂತಾದಾಗ ತಾತನವರು ಹೊಲದ ಬೇಲಿಯಿಂದ ಜಾಲಿಮುಳ್ಳನ್ನು ತಂದು, ನೆರಳಿನಲ್ಲಿ ಒಣಗಿಸಿ, ಮರಳುಕಾಗದದ ಮೇಲೆ ಮೊನೆ ಮಾಡಿ ಬಳಸತೊಡಗಿದರು. ಹಿಂದೆ ವಿಲಾಯತಿಯಲ್ಲಿಯೂ ಕಳ್ಳಿಯ ಮುಳ್ಳಿನಿಂದ ಇಂಥ ಮೊನೆಗಳನ್ನು ಮಾಡಿ ಮಾರುತ್ತಿದ್ದರೆಂದು ನಾನು ಓದಿದ್ದು ಬಹಳ ಕಾಲದ ಮೇಲೆ. ಮುಳ್ಳು ಮೆತ್ತಗಿನದು, ತಟ್ಟೆಗೆ ನೋವಾಗದು. ಆದರೆ ದನಿ ತಗ್ಗುತ್ತದೆ.

ತಾತನವರಿಗೆ ಎಲ್ಲಕ್ಕಿಂತ ಪ್ರಿಯವಾಗಿದ್ದುದು ಮೈಸೂರು ಟಿ. ಚೌಡಯ್ಯನವರ ಪಿಟೀಲಿನ ಒಂದು ತಟ್ಟೆ. ೧೮೯೫ರಲ್ಲಿ ತಿರುಮಕೂಡಲಿನಲ್ಲಿ ಜನಿಸಿದ ಚೌಡಯ್ಯನವರು, ಧ್ವನಿವರ್ಧಕಗಳಿಲ್ಲದ ಸಭೆಯ ಕಟ್ಟಕಡೆಯ ಸಾಲಿಗೂ ನಾದ ಮುಟ್ಟಲೆಂದು ಪಿಟೀಲಿನ ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಕೂಡಿಸಿದ ಮಹನೀಯರು. ಅಂಥವರ ಪಿಟೀಲು ನಮ್ಮ ನಡುಮನೆಯಲ್ಲಿ ಪಿಸುಮಾತಿನಂತೆ ಕೇಳಿಬರುತ್ತಿತ್ತು.

ತಾತನವರ ಕಿವಿಯೂ ಮಂದವಾಗುತ್ತ ಬಂದಿತ್ತು. ಮೊದಮೊದಲು ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅನಂತರ ಅದಕ್ಕೆ ಕಿವಿಯನ್ನೇ ಆನಿಸಿದರು. ಕಡೆಕಡೆಗೆ ತಟ್ಟೆ ತಿರುಗುವುದನ್ನು ನೋಡುತ್ತ ತೊಡೆಯ ಮೇಲೆ ತಾಳ ಹಾಕುತ್ತ ಕುಳಿತಿರುವರು. ಒಂದು ದಿನ ವಾದನ ಮುಗಿದ ಮೇಲೂ ತಾಳ ನಡೆದೇ ಇತ್ತು. ಆಗ ನನಗೆ ವಿಷಯ ತಿಳಿಯಿತು.

ಮರುದಿನ ಹಳೆಯ ತಗಡಿನ ಡಬ್ಬಿಯನ್ನು ತಡಕಿ, ಯಾವ ಕಾಲದ್ದೋ ಒಂದು ಸವೆದ ಉಕ್ಕಿನ ಸೂಜಿಯನ್ನು ಹುಡುಕಿ, ಮುಳ್ಳಿನ ಜಾಗದಲ್ಲಿ ಸಿಕ್ಕಿಸಿಟ್ಟೆ. ಸಂಜೆ ತಾತನವರು ಕೀಲಿ ಕೊಟ್ಟರು. ಪಿಟೀಲು ಮನೆಯನ್ನೆಲ್ಲ ತುಂಬಿತು. ಅಜ್ಜಿ ಸೌಟು ಹಿಡಿದೇ ಅಡುಗೆಮನೆಯಿಂದ ಹೊರಗೆ ಬಂದರು. ತಾತನವರ ಕೈ ತೊಡೆಯ ಮೇಲೆ ನಿಂತುಬಿಟ್ಟಿತು. ಅವರು ಸೂಜಿಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು. ಈಗ ಎತ್ತಿಬಿಡುವರು, ಈಗ ಎತ್ತಿಬಿಡುವರು ಎಂದು ನಾನು ಉಸಿರು ಬಿಗಿಹಿಡಿದಿದ್ದೆ. ಅವರು ಎತ್ತಲಿಲ್ಲ. ಮೂರು ನಿಮಿಷವೂ ಕೇಳಿ, ತಟ್ಟೆಯ ಮೇಲಿನ ಕರಿಯ ಪುಡಿಯನ್ನು ಪಂಚೆಯ ಅಂಚಿನಿಂದ ಒರಸಿ, ಮಾತಿಲ್ಲದೆ ಪೆಟ್ಟಿಗೆ ಮುಚ್ಚಿದರು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮಾರನೆಯ ಸಂಜೆ ಹೊಸ ಮುಳ್ಳನ್ನು ಮಸೆದುಕೊಟ್ಟೆ. ಅದನ್ನು ತೆಗೆದುಕೊಂಡು ಪಕ್ಕಕ್ಕಿಟ್ಟು, "ಮಗು, ನೆನ್ನೆಯ ಸೂಜಿ ಎಲ್ಲಿಟ್ಟೆ?" ಎಂದರು.

ಆ ತಟ್ಟೆಗಳೆಲ್ಲ ಈಗ ನನ್ನ ಬಳಿ ಇವೆ. ಉಳಿದವು ಇಂದಿಗೂ ಕಪ್ಪಗೆ ಹೊಳೆಯುತ್ತವೆ. ಅದೊಂದು ಮಾತ್ರ ಅಂಚಿನಿಂದ ನಡುವಿನವರೆಗೂ ಬೂದುಬಣ್ಣಕ್ಕೆ ತಿರುಗಿದೆ.