ಫಿಲಿಪೈನ್ಸಿನ ಮಠದ ಪಾದ್ರಿಗಳು

ಫಿಲಿಪೈನ್ಸ್ ದ್ವೀಪಗಳನ್ನು ಸ್ಪೇನ್ ದೇಶದವರು 1565ರಿಂದ 1898ರವರೆಗೆ, ಅಂದರೆ 333 ವರ್ಷ ಆಳಿದರು. ಅಲ್ಲಿಗೆ ಬಂದ ಸ್ಪೇನಿನವರ ಸಂಖ್ಯೆ ಬಹಳ ಕಡಿಮೆ. ಬಂದವರಲ್ಲಿ ಹೆಚ್ಚಿನವರು ಮನಿಲಾ ನಗರದ ಕೋಟೆಯೊಳಗೇ ಉಳಿದರು. ಹಾಗಾದರೆ ಹಳ್ಳಿಗಳನ್ನು ಹತೋಟಿಯಲ್ಲಿಟ್ಟವರು ಯಾರು? ಸೈನ್ಯಕ್ಕಿಂತ ಹೆಚ್ಚಾಗಿ ಮಠದ ಪಾದ್ರಿಗಳು.

ಇವರು ಬಿಷಪ್ಪರ ಕೈಕೆಳಗಿನ ಸಾಮಾನ್ಯ ಪಾದ್ರಿಗಳಲ್ಲ. ಅಗಸ್ಟೀನಿಯನ್, ಫ್ರಾನ್ಸಿಸ್ಕನ್, ಡೊಮಿನಿಕನ್, ರೆಕೊಲೆಕ್ಟ್ ಮೊದಲಾದ ಸಂನ್ಯಾಸಿ ಸಂಘಗಳಿಗೆ ಸೇರಿದವರು. ಬಡತನದ ವ್ರತ ತೊಟ್ಟು ಹಡಗು ಹತ್ತಿದವರು.

ಮೊದಲು ಬಂದವರ ವಿಷಯದಲ್ಲಿ ನ್ಯಾಯವಾದ ಮಾತನ್ನೇ ಆಡಬೇಕು. ಕಪ್ಪದ ಹೆಸರಿನಲ್ಲಿ ಜನರನ್ನು ಸುಲಿಯುತ್ತಿದ್ದ ಸ್ಪೇನಿನ ಸರದಾರರ ಮೇಲೆ ರಾಜನಿಗೆ ದೂರು ಬರೆದವರು ಇವರೇ. 1581ರಲ್ಲಿ ಬಂದ ಮನಿಲಾದ ಮೊದಲ ಬಿಷಪ್ ಡೊಮಿಂಗೊ ದೆ ಸಲಸಾರ್ ಡೊಮಿನಿಕನ್ ಸಂನ್ಯಾಸಿ. ಇದಕ್ಕಾಗಿ ಗವರ್ನರನೊಡನೆ ಜಗಳವಾಡಿ, ಮುಪ್ಪಿನ ವಯಸ್ಸಿನಲ್ಲಿ ಸ್ಪೇನಿಗೇ ಹೋದರು. ಜನರ ಭಾಷೆ ಕಲಿತು ವ್ಯಾಕರಣ, ನಿಘಂಟು ಬರೆದವರೂ ಇವರೇ. 1593ರಲ್ಲಿ ಮನಿಲಾದಲ್ಲಿ ಅಚ್ಚಾದ ಧರ್ಮಬೋಧೆಯ ಪುಸ್ತಕದಲ್ಲಿ ತಗಾಲೊಗ್ ಭಾಷೆ ಅದರ ಸ್ವಂತ ಲಿಪಿಯಲ್ಲಿಯೂ ಇದೆ. ಆ ಲಿಪಿ ನಮ್ಮ ಕನ್ನಡ ಲಿಪಿಯ ಹಾಗೆ ಬ್ರಾಹ್ಮಿಯ ಸಂತತಿ ಎಂಬುದು ನಮ್ಮ ವಾಚಕರಿಗೆ ಸ್ವಾರಸ್ಯವೆನಿಸೀತು.

ಆದರೆ ಈ ಭಾಷಾಜ್ಞಾನವೇ ಮುಂದೆ ಅಧಿಕಾರದ ಬೀಗದಕೈಯಾಯಿತು. ಜನರಿಗೆ ಸ್ಪ್ಯಾನಿಷ್ ಕಲಿಸಿರೆಂದು ರಾಜಾಜ್ಞೆಗಳು ಬಂದರೂ ಪಾದ್ರಿಗಳು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಗವರ್ನರನು ಕೆಲವೇ ವರ್ಷ ಇದ್ದು ಹೋಗುವವನು. ಪಾದ್ರಿ ಒಂದೇ ಊರಿನಲ್ಲಿ ಹತ್ತಾರು ವರ್ಷ ಕೂತವನು. ಸರಕಾರದ ಮಾತು ಜನಕ್ಕೆ, ಜನರ ಮಾತು ಸರಕಾರಕ್ಕೆ ಮುಟ್ಟಬೇಕಾದರೆ ಅವನ ಬಾಯಿಂದಲೇ ಹಾಯಬೇಕು. ಜನನ, ಮದುವೆ, ಮರಣದ ದಾಖಲೆ ಅವನಲ್ಲಿ. 19ನೆಯ ಶತಮಾನಕ್ಕೆ ಬಂದರೆ ತೆರಿಗೆಯ ಪಟ್ಟಿ, ಶಾಲೆಯ ತಪಾಸಣೆ, ಊರ ಮುಖಂಡನ ಚುನಾವಣೆ ಎಲ್ಲದರಲ್ಲೂ ಅವನ ಕೈ. ಹಾಜರಿ ಪುಸ್ತಕ ಬರೆದು ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ಪುಸ್ತಕ ಯಾರ ಮೇಜಿನ ಮೇಲಿದೆಯೋ ಅವನೆದುರು ದೊಡ್ಡವರೂ ಮೆತ್ತಗೆ ಮಾತಾಡುತ್ತಾರೆ.

ಇದಕ್ಕೆ ಭೂಮಿ ಬೇರೆ ಸೇರಿತು. ಬಡತನದ ವ್ರತ ಸಂನ್ಯಾಸಿಗೆ, ಮಠಕ್ಕಲ್ಲ. ಫ್ರಾನ್ಸಿಸ್ಕನರು ಮಾತ್ರ ಜಮೀನಿನ ಗೊಡವೆಗೆ ಹೋಗಲಿಲ್ಲ. ಉಳಿದ ಮೂರು ಸಂಘಗಳ ಕೈಗೆ ದಾನವಾಗಿ, ಕ್ರಯವಾಗಿ, ಸಾಲದ ಬಾಬ್ತಾಗಿ ಮನಿಲಾ ಸುತ್ತಲಿನ ಒಳ್ಳೆಯ ಗದ್ದೆಗಳು ಬಂದವು. ಗಡಿಕಲ್ಲುಗಳು ಊರ ಗೋಮಾಳದ ಕಡೆಗೆ ಸರಿದುವೆಂದು 1745ರಲ್ಲಿ ಹಲವು ಪ್ರಾಂತಗಳ ರೈತರು ದಂಗೆಯೆದ್ದರು. ಮಠದಿಂದ ಗೇಣಿಗೆ ಪಡೆದವನು ಒಳಗೇಣಿಗೆ ಕೊಡುವನು, ಉಳುವವನು ಮೂರನೆಯವನು. ನಮ್ಮೂರ ಕಡೆಯ ಒಕ್ಕಲುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೇಶದಲ್ಲೇ ಹುಟ್ಟಿದ ಪಾದ್ರಿಗಳು ಊರ ಚರ್ಚುಗಳನ್ನು ತಮಗೂ ಕೊಡಿರೆಂದು ಕೇಳಿದರು. 1872ರಲ್ಲಿ ಕವೀತೆ ಎಂಬಲ್ಲಿ ನಡೆದ ಸಿಪಾಯಿದಂಗೆಯ ನೆಪದಲ್ಲಿ ಗೋಮೆಸ್, ಬುರ್ಗೋಸ್, ಸಮೋರಾ ಎಂಬ ಮೂವರು ಪಾದ್ರಿಗಳ ಕತ್ತು ಹಿಸುಕಿ ಕೊಂದರು. ಆಗ ಹತ್ತು ವರ್ಷದ ಹುಡುಗನಾಗಿದ್ದ ಹೊಸೆ ರಿಸಾಲ್ ಮುಂದೆ ಕಣ್ಣಿನ ಡಾಕ್ಟರಾಗಿ, ಮಠದ ಪಾದ್ರಿಗಳ ದರ್ಪವನ್ನು ಬಯಲಿಗೆಳೆಯುವ ಕಾದಂಬರಿಯನ್ನು 1887ರಲ್ಲಿ ಬರ್ಲಿನ್ನಿನಲ್ಲಿ ಅಚ್ಚು ಹಾಕಿಸಿದರು. ಅವರ ಮನೆತನ ಕಲಂಬಾ ಊರಿನಲ್ಲಿ ಡೊಮಿನಿಕನ್ ಮಠದ ಒಕ್ಕಲು. ಗೇಣಿಯ ವ್ಯಾಜ್ಯ ಬೆಳೆದು 1890–91ರಲ್ಲಿ ಗವರ್ನರ್ ವೇಲರ್ ಸೈನಿಕರನ್ನು ಕಳಿಸಿ ಅಲ್ಲಿನ ಒಕ್ಕಲುಗಳನ್ನು ಎಬ್ಬಿಸಿದನು. ರಿಸಾಲರ ಬಂಧುಗಳೂ ಬೀದಿಗೆ ಬಿದ್ದರು. 1896ರ ಡಿಸೆಂಬರ್ 30ರಂದು 35 ವರ್ಷದ ರಿಸಾಲರನ್ನು ಗುಂಡಿಟ್ಟು ಕೊಂದರು. ಅಷ್ಟರಲ್ಲಿ ಕ್ರಾಂತಿ ಶುರುವಾಗಿತ್ತು.

1898ರಲ್ಲಿ ಸ್ಪೇನ್ ಹೋಗಿ ಅಮೆರಿಕ ಬಂತು. ಹೊಸ ಸರಕಾರ 1903ರಲ್ಲಿ ಮಠಗಳ ಜಮೀನು ಸುಮಾರು 4 ಲಕ್ಷ ಎಕರೆಯನ್ನು 72 ಲಕ್ಷ ಡಾಲರಿಗೆ ಕೊಂಡು, ಉಳುವವರಿಗೆ ಕಂತಿನ ಮೇಲೆ ಮಾರುವೆನೆಂದಿತು. ಕಂತು ಕಟ್ಟಲಾಗದ ಒಕ್ಕಲುಗಳು ಅನೇಕರು. ಮಿಂಡೊರೊ ದ್ವೀಪದಲ್ಲಿದ್ದ 55 ಸಾವಿರ ಎಕರೆಯ ಒಂದು ಎಸ್ಟೇಟು ಕೆಲವೇ ವರ್ಷಗಳಲ್ಲಿ ಅಮೆರಿಕದ ಸಕ್ಕರೆ ವ್ಯಾಪಾರಿಗಳ ಪಾಲಾಯಿತು.