ಮುಂದೇನು ಅಂತ ಕೇಳೋಕೂ ಒಂದು ಕ್ರಮ ಇದೆ

ಸ್ಟುಡಿಯೋದಲ್ಲಿ ಕೂತು ದಿನಾ ನಾನು ಕೇಳೋ ಪ್ರಶ್ನೆ ಒಂದೇ: ಮುಂದೇನು? ಸರ್ಕಾರ ಉಳಿಯುತ್ತಾ, ಮಳೆ ಬರುತ್ತಾ? ಒಬ್ಬರು ಹೌದು ಅಂತಾರೆ, ಇನ್ನೊಬ್ಬರು ಇಲ್ಲ ಅಂತಾರೆ. ಕೂಗಾಟ ಜೋರಾಗೋ ಹೊತ್ತಿಗೆ ಬ್ರೇಕ್. ಉತ್ತರ ಮಾತ್ರ ಸಿಕ್ಕಿರಲ್ಲ.

ದೇವರಾಯನದುರ್ಗದ ಮೇಲೆ ನಿಂತಾಗ ಇದೇ ನೆನಪಾಯ್ತು. ಈ ಬೆಟ್ಟಸಾಲಲ್ಲಿ ಹುಟ್ಟೋ ಶಿಂಷಾ ಕಾವೇರಿ ಕಡೆ ಹೋಗ್ತಾಳೆ, ಜಯಮಂಗಲಿ ಉತ್ತರ ಪಿನಾಕಿನಿ ಕಡೆ. ಎರಡು ನದಿ ಹುಟ್ಟಿಸಿದ ಬೆಟ್ಟದ ಸುತ್ತಲಿನ ಊರುಗಳು ಮಾತ್ರ ಹಾಸನ ಜಿಲ್ಲೆಯ ಗೊರೂರಿನಿಂದ ಬರೋ ಹೇಮಾವತಿಗೆ ಕಾಯ್ತವೆ. ಆ ನೀರನ್ನು ಕುಣಿಗಲ್, ಮಾಗಡಿ ಕಡೆ ಒಯ್ಯೋ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿರುದ್ಧ 2025ರ ಮೇನಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ರೈತರು ಬೀದಿಗಿಳಿದರು. ತಮ್ಮ ಪಾಲು ಹೋಗುತ್ತೆ ಅನ್ನೋದು ಅವರ ಭಯ. ನಮ್ಮ ಪಾಲು ಇನ್ನೂ ಬಂದೇ ಇಲ್ಲ ಅನ್ನೋದು ಕುಣಿಗಲ್‌ನವರ ನೋವು. ಇವರನ್ನ ನನ್ನ ಸ್ಟುಡಿಯೋಗೆ ಕರೆದರೆ ಏನಾಗುತ್ತೆ? ಜಗಳ.

ಇನ್ನೊಂದು ದಾರಿ ಇದೆ. ಅದರ ಹೆಸರು ಸಿನಾರಿಯೋ ಪ್ಲಾನಿಂಗ್. ಇದು ಭವಿಷ್ಯ ಹೇಳೋ ವಿದ್ಯೆ ಅಲ್ಲ. ಆಗಬಹುದಾದ ಮೂರು ನಾಲ್ಕು ಭವಿಷ್ಯಗಳನ್ನ ಕಥೆಯಾಗಿ ಹೆಣೆದು, ಪ್ರತಿಯೊಂದಕ್ಕೂ ಸಿದ್ಧವಾಗೋ ಕ್ರಮ. ಶೆಲ್ ತೈಲ ಕಂಪನಿ ಇದನ್ನ ಬಳಸಿತು. 1973ರಲ್ಲಿ ತೈಲ ಬೆಲೆ ಸಿಡಿದಾಗ, ಅಂಥದ್ದೊಂದು ಕಥೆಯನ್ನ ಅವರು ಮೊದಲೇ ಯೋಚಿಸಿ ಇಟ್ಟಿದ್ದರು.

ದಕ್ಷಿಣ ಆಫ್ರಿಕಾದ ಉದಾಹರಣೆ ಇನ್ನೂ ದೊಡ್ಡದು. ಮಂಡೇಲಾ ಜೈಲಿಂದ ಹೊರಬಂದಿದ್ದರು, ಚುನಾವಣೆ ಇನ್ನೂ ಆಗಿರಲಿಲ್ಲ. 1991-92ರಲ್ಲಿ ಮಾಂಟ್ ಫ್ಲೂರ್ ಅನ್ನೋ ಜಾಗದಲ್ಲಿ 22 ಜನ ಸೇರಿದರು. ಹೋರಾಟಗಾರರು, ಉದ್ಯಮಿಗಳು, ಕಾರ್ಮಿಕ ನಾಯಕರು. 'ಏನಾಗಬೇಕು' ಅಂತ ವಾದ ಮಾಡದೆ, 'ಏನಾಗಬಹುದು' ಅಂತ ಕೇಳಿಕೊಂಡರು. ನಾಲ್ಕು ಕಥೆ ಹುಟ್ಟಿದವು. ಒಂದಕ್ಕೆ ಮರಳಲ್ಲಿ ತಲೆ ಹೂತ ಉಷ್ಟ್ರಪಕ್ಷಿಯ ಹೆಸರು. ಇನ್ನೊಂದಕ್ಕೆ ನಿಧಾನವಾಗಿ ಒಟ್ಟಿಗೇ ಮೇಲೇಳೋ ಫ್ಲೆಮಿಂಗೊಗಳ ಹೆಸರು. ಹೆಸರಿಟ್ಟಿದ್ದಕ್ಕೇ ಕಥೆಗಳು ಜನರ ಬಾಯಿಗೆ ಬಂದವು.

ನಮ್ಮಲ್ಲಿ ಇದನ್ನ ಮಾಡೋದು ಹೇಗೆ? ಮೊದಲು, ಒಬ್ಬರನ್ನೊಬ್ಬರು ಒಪ್ಪದವರನ್ನೇ ಕರೀಬೇಕು: ಗುಬ್ಬಿಯ ತೆಂಗು ಬೆಳೆಗಾರ, ಕುಣಿಗಲ್ ರೈತ, ತುಮಕೂರಿನ ಗೃಹಿಣಿ, ನೀರಾವರಿ ಎಂಜಿನಿಯರ್, ಟ್ಯಾಂಕರ್ ಓಡಿಸೋ ಹುಡುಗ. ಪ್ರಶ್ನೆ ಒಂದೇ ಇರಲಿ: ಇಪ್ಪತ್ತು ವರ್ಷದ ನಂತರ ನಮಗೆ ನೀರು ಎಲ್ಲಿಂದ?

ಆಮೇಲೆ ಖಚಿತವಾದದ್ದು, ಅನಿಶ್ಚಿತವಾದದ್ದು ಬೇರೆ ಮಾಡಬೇಕು. ತುಮಕೂರು ಬೆಳೆಯೋದು ಖಚಿತ. 2023ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯೇ ಬಂತು. ಅನಿಶ್ಚಿತ ಎರಡು: ಮಳೆ ಕೈ ಹಿಡಿಯುತ್ತಾ? ತಾಲ್ಲೂಕುಗಳು ಹಂಚಿಕೊಳ್ತಾವಾ? ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದರೆ ನಾಲ್ಕು ಮನೆ, ನಾಲ್ಕು ಕಥೆ. ಮಳೆಯೂ ಬಂತು, ಹಂಚಿಕೆಯೂ ಆಯ್ತು: 'ಕೋಡಿ ಬಿದ್ದ ಕೆರೆ'. ಮಳೆ ಬಂತು, ಜಗಳ ಉಳೀತು: 'ಒಡೆದ ತೂಬು'. ಮಳೆ ಇಲ್ಲ, ಒಪ್ಪಂದ ಇದೆ: 'ಅಳೆದ ಕೊಡ'. ಎರಡೂ ಇಲ್ಲ: 'ಬತ್ತಿದ ಬೋರು'.

ಈಗ ಮುಖ್ಯ ಕೆಲಸ. ನಾಲ್ಕೂ ಕಥೆಯಲ್ಲಿ ಉಪಯೋಗಕ್ಕೆ ಬರೋದು ಯಾವುದು? ಕೆರೆ ಹೂಳು ತೆಗೆಯೋದು. ನಾಲೆಯಲ್ಲಿ ಯಾರಿಗೆ ಎಷ್ಟು ನೀರು ಹೋಯ್ತು ಅಂತ ಅಳೆದು ಊರಿಗೇ ತೋರಿಸೋದು. ನಗರದ ಕೊಳಚೆ ನೀರನ್ನ ಶುದ್ಧ ಮಾಡಿ ಕಾರ್ಖಾನೆಗೆ ಕೊಡೋದು. ಇವಕ್ಕೆ ಯಾವ ಜಗಳವೂ ಮುಗಿಯೋ ತನಕ ಕಾಯಬೇಕಿಲ್ಲ. ಕೊನೆಗೆ, ಯಾವ ಕಥೆಯತ್ತ ಸಾಗ್ತಿದ್ದೀವಿ ಅಂತ ಹೇಳೋ ಗುರುತು ಬೇಕು: ಆಗಸ್ಟ್‌ನಲ್ಲಿ ಹೇಮಾವತಿ ಜಲಾಶಯದ ಮಟ್ಟ, ಫೆಬ್ರವರಿಯಲ್ಲಿ ಟ್ಯಾಂಕರ್ ದರ.

ಇದರಿಂದ ಹೇಮಾವತಿ ವಿವಾದ ಮುಗಿಯುತ್ತೆ ಅಂತ ನಾನು ಹೇಳಲ್ಲ. ಆದರೆ 'ಬತ್ತಿದ ಬೋರು' ಕಥೆಯನ್ನ ಗುಬ್ಬಿಯವರೂ ಕುಣಿಗಲ್‌ನವರೂ ಒಟ್ಟಿಗೆ ಕೂತು ಬರೆದರೆ, ಅದರಲ್ಲಿ ಗೆದ್ದವರು ಯಾರೂ ಇಲ್ಲ ಅನ್ನೋದು ಇಬ್ಬರಿಗೂ ಕಾಣುತ್ತೆ. ಅಷ್ಟನ್ನು ನನ್ನ ಒಂದು ಗಂಟೆಯ ಚರ್ಚೆ ಯಾವತ್ತೂ ತೋರಿಸಿಲ್ಲ ಸ್ವಾಮಿ.